ಅಳೆಯುವ ಸೇರೇ ಹಿಗ್ಗಿ ಕುಗ್ಗಿದರೆ: ಭಾರತ–ಚೀನಾ ಜಿಡಿಪಿ ಹೋಲಿಸುವ ಲೆಕ್ಕ

2025ರ ಏಪ್ರಿಲ್‌ನಲ್ಲಿ ಬಂದ ಐಎಂಎಫ್ (ಅಂತರರಾಷ್ಟ್ರೀಯ ಹಣಕಾಸು ನಿಧಿ) ಅಂದಾಜಿನ ಪ್ರಕಾರ ಆ ವರ್ಷದ ಭಾರತದ ಜಿಡಿಪಿ, ಅಂದರೆ ವರ್ಷವೊಂದರಲ್ಲಿ ದೇಶದೊಳಗೆ ಆದ ಒಟ್ಟು ಉತ್ಪಾದನೆಯ ಮೌಲ್ಯ, 4,18,702 ಕೋಟಿ ಡಾಲರ್, ಜಪಾನಿನದು 4,18,643 ಕೋಟಿ ಡಾಲರ್. ಮರುತಿಂಗಳೇ ‘ಜಪಾನನ್ನು ಹಿಂದಿಕ್ಕಿ ಭಾರತ ನಾಲ್ಕನೇ ಸ್ಥಾನಕ್ಕೆ’ ಎಂಬ ಸುದ್ದಿ ಊರೆಲ್ಲ ಹಬ್ಬಿತು. ಎರಡರ ನಡುವಿನ ಅಂತರ 59 ಕೋಟಿ ಡಾಲರ್, ಅಂದರೆ ಶೇ 0.014. ಡಾಲರಿಗೆ 85 ರೂಪಾಯಿ ಎಂದಿಟ್ಟುಕೊಂಡರೆ, ರೂಪಾಯಿ ಎರಡು ಪೈಸೆ ಜಾರಿದರೂ ಆ ಸ್ಥಾನ ಕೈತಪ್ಪುತ್ತದೆ. ಆದದ್ದೂ ಹಾಗೆಯೇ. ಅಕ್ಟೋಬರ್ ಪಟ್ಟಿಯಲ್ಲಿ ಜಪಾನ್ 4.28 ಲಕ್ಷ ಕೋಟಿ, ಭಾರತ 4.13 ಲಕ್ಷ ಕೋಟಿ ಡಾಲರ್. ನಡುವಿನ ಆರು ತಿಂಗಳಲ್ಲಿ ಇಲ್ಲಿನ ಉತ್ಪಾದನೆಯೇನೂ ಕುಸಿದಿರಲಿಲ್ಲ.

ಇದು ಒಂದು ವರ್ಷದ ತಮಾಷೆ. ಮೂವತ್ತು ನಲವತ್ತು ವರ್ಷಗಳ ಹೋಲಿಕೆಗೆ ಕೂತಾಗ ಇದೇ ದೋಷ ಬೆಟ್ಟದಷ್ಟಾಗುತ್ತದೆ. ಭಾರತ–ಚೀನಾ ಹೋಲಿಕೆಯನ್ನೇ ತೆಗೆದುಕೊಳ್ಳೋಣ. ಎಲ್ಲರೂ ಮಾಡುವುದು ಅದನ್ನೇ, ಹೆಚ್ಚಿನವರು ಎಡವುವುದೂ ಅಲ್ಲೇ. (ಅಂಕಿ ಓದುವಾಗ ಒಂದು ಅನುಕೂಲ: ಒಂದು ಟ್ರಿಲಿಯನ್ ಅಂದರೆ ಲಕ್ಷ ಕೋಟಿ, ಒಂದು ಬಿಲಿಯನ್ ಅಂದರೆ 100 ಕೋಟಿ. ಪರಿವರ್ತಿಸುವಾಗ ಒಂದು ಸೊನ್ನೆ ತಪ್ಪಿದ ವರದಿಗಳು ವಾರಕ್ಕೊಂದಾದರೂ ಕಣ್ಣಿಗೆ ಬೀಳುತ್ತವೆ.)

ವಿಶ್ವಬ್ಯಾಂಕಿನ ಡಾಲರ್ ಲೆಕ್ಕ ಹೀಗಿದೆ. 1990ರಲ್ಲಿ ಭಾರತ ಸುಮಾರು 32,100 ಕೋಟಿ ಡಾಲರ್, ಚೀನಾ 36,100 ಕೋಟಿ. 2005ರಲ್ಲಿ ಭಾರತ 82,000 ಕೋಟಿ, ಚೀನಾ 2.29 ಲಕ್ಷ ಕೋಟಿ. 2013ರಲ್ಲಿ 1.86 ಲಕ್ಷ ಕೋಟಿ ಮತ್ತು 9.57 ಲಕ್ಷ ಕೋಟಿ. 2024ರಲ್ಲಿ ಸುಮಾರು 3.9 ಮತ್ತು 18.7 ಲಕ್ಷ ಕೋಟಿ. ಅಂದರೆ ಚೀನಾ ನಮ್ಮ 1.1 ಪಟ್ಟು ಇದ್ದದ್ದು 2.8 ಪಟ್ಟಾಗಿ, 5.2 ಪಟ್ಟಾಗಿ, 2024ರಲ್ಲಿ 4.8 ಪಟ್ಟಿಗೆ ಬಂದು ನಿಂತಿತು. ಅಂಕಿಗಳಲ್ಲಿ ತಪ್ಪಿಲ್ಲ. ಆದರೆ ‘ಚೀನಾ ಎಷ್ಟು ಹೆಚ್ಚು ಉತ್ಪಾದಿಸಿತು’ ಎಂಬ ಪ್ರಶ್ನೆಗೆ ಇವು ನೇರ ಉತ್ತರ ಕೊಡುವುದಿಲ್ಲ. ಡಾಲರ್ ಜಿಡಿಪಿಯೊಳಗೆ ಮೂರು ಸಂಗತಿಗಳು ಗುಣಿಸಿಕೊಂಡು ಕೂತಿರುತ್ತವೆ: ಉತ್ಪಾದನೆಯ ಪ್ರಮಾಣ, ದೇಶದೊಳಗಿನ ಬೆಲೆಮಟ್ಟ, ಡಾಲರಿನ ಎದುರು ನಾಣ್ಯದ ದರ.

1991 ಇದಕ್ಕೆ ಒಳ್ಳೆಯ ಸಾಕ್ಷಿ. ಆ ವರ್ಷ ಜುಲೈ 1 ಮತ್ತು 3ರಂದು ಎರಡು ಕಂತಿನಲ್ಲಿ ರೂಪಾಯಿ ಅಪಮೌಲ್ಯವಾಯಿತು. ಡಾಲರಿಗೆ ಸುಮಾರು 21 ಇದ್ದದ್ದು ಸುಮಾರು 26 ರೂಪಾಯಿಯಾಯಿತು. ವಿಶ್ವಬ್ಯಾಂಕಿನ ಪಟ್ಟಿಯಲ್ಲಿ ಭಾರತದ ಜಿಡಿಪಿ 32,100 ಕೋಟಿ ಡಾಲರಿನಿಂದ 27,000 ಕೋಟಿಗೆ ಇಳಿದಿದೆ, ಶೇ 16ರಷ್ಟು ಕುಸಿತ. ಅದೇ ವರ್ಷ ಸ್ಥಿರ ಬೆಲೆಯಲ್ಲಿ (ಎಲ್ಲ ವರ್ಷಕ್ಕೂ ಒಂದೇ ವರ್ಷದ ಬೆಲೆ ಹಿಡಿದು) ಅಳೆದ ಜಿಡಿಪಿ ಶೇ 1ರಷ್ಟು ಏರಿತ್ತು. ಗದ್ದೆಯ ಭತ್ತ, ಗಿರಣಿಯ ಬಟ್ಟೆ ಎಲ್ಲ ಇದ್ದಲ್ಲೇ ಇತ್ತು. ಅಳೆಯುವ ಸೇರು ಬದಲಾಯಿತು, ಅಷ್ಟೇ. ಇಲ್ಲೊಂದು ಕೈಚಳಕಕ್ಕೂ ದಾರಿಯಿದೆ. 2024ರವರೆಗಿನ ಬೆಳವಣಿಗೆಯನ್ನು 1990ರಿಂದ ಎಣಿಸಿದರೆ ಭಾರತ 12 ಪಟ್ಟು ಬೆಳೆದಂತೆ ಕಾಣುತ್ತದೆ. ಒಂದೇ ವರ್ಷ ಮುಂದೆ ಸರಿದು 1991ರಿಂದ ಎಣಿಸಿದರೆ 14 ಪಟ್ಟು ದಾಟುತ್ತದೆ. ಯಾರಾದರೂ ‘1991ರಿಂದ ಇಷ್ಟು ಪಟ್ಟು’ ಎಂದು ಡಾಲರಿನಲ್ಲಿ ಹೇಳಿದರೆ ಆರಂಭದ ವರ್ಷವನ್ನು ಒಮ್ಮೆ ಹಿಂದೆ ಮುಂದೆ ಸರಿಸಿ ನೋಡಿ.

ಬಿಡಿಸಿ ನೋಡುವ ಕ್ರಮ

ಸ್ಪ್ರೆಡ್‌ಶೀಟಿನಲ್ಲಿ ಪ್ರತಿ ದೇಶಕ್ಕೆ ಮೂರು ಕಾಲಂ ಸಾಕು: ಸ್ವಂತ ನಾಣ್ಯದಲ್ಲಿ ಚಾಲ್ತಿ ಬೆಲೆಯ (ಆಯಾ ವರ್ಷದ ಬೆಲೆಯ) ಜಿಡಿಪಿ, ಸ್ವಂತ ನಾಣ್ಯದಲ್ಲೇ ಸ್ಥಿರ ಬೆಲೆಯ ಜಿಡಿಪಿ, ವಾರ್ಷಿಕ ಸರಾಸರಿ ವಿನಿಮಯ ದರ. ಮೂರೂ ವಿಶ್ವಬ್ಯಾಂಕಿನ ತಾಣದಲ್ಲಿ ಪುಕ್ಕಟೆ ಸಿಗುತ್ತವೆ. ಕೊನೆಯ ವರ್ಷದ ಸ್ಥಿರ ಬೆಲೆ ಜಿಡಿಪಿಯನ್ನು ಮೊದಲ ವರ್ಷದ್ದರಿಂದ ಭಾಗಿಸಿದರೆ ಉತ್ಪಾದನೆ ಎಷ್ಟು ಪಟ್ಟಾಯಿತೆಂದು ತಿಳಿಯುತ್ತದೆ. ಚಾಲ್ತಿ ಬೆಲೆಯ ಜಿಡಿಪಿಯನ್ನು ಸ್ಥಿರ ಬೆಲೆಯ ಜಿಡಿಪಿಯಿಂದ ಭಾಗಿಸಿದರೆ ಬರುವುದು ಡಿಫ್ಲೇಟರ್, ಅಂದರೆ ಇಡೀ ಅರ್ಥವ್ಯವಸ್ಥೆಯ ಬೆಲೆ ಸೂಚ್ಯಂಕ. ಅದರಲ್ಲೂ ಕೊನೆಯ ವರ್ಷದ್ದನ್ನು ಮೊದಲ ವರ್ಷದ್ದರಿಂದ ಭಾಗಿಸಿ. ವಿನಿಮಯ ದರಕ್ಕೆ ಮಾತ್ರ ತಿರುಗುಮುರುಗು, ಮೊದಲ ವರ್ಷದ ದರವನ್ನು ಕೊನೆಯ ವರ್ಷದ ದರದಿಂದ ಭಾಗಿಸಬೇಕು. ಮೂರನ್ನೂ ಗುಣಿಸಿದಾಗ ಡಾಲರ್ ಜಿಡಿಪಿ ಬೆಳೆದ ಪಟ್ಟು ಬರಬೇಕು. ಬರದಿದ್ದರೆ ಎಲ್ಲೋ ಎರಡು ಮೂಲಗಳ ಅಂಕಿ ಬೆರೆತಿದೆ ಎಂದೇ ತಿಳಿಯಿರಿ.

2005ರಿಂದ 2013ರವರೆಗೆ ಇದನ್ನು ಮಾಡಿ ನೋಡೋಣ. ಚೀನಾದ ಡಾಲರ್ ಜಿಡಿಪಿ ಎಂಟು ವರ್ಷಗಳಲ್ಲಿ 4.2 ಪಟ್ಟಾಯಿತು. ಉತ್ಪಾದನೆ 2.18 ಪಟ್ಟು, ಬೆಲೆಮಟ್ಟ 1.45 ಪಟ್ಟು. ಯುವಾನ್ ಸರಾಸರಿ ದರ ಡಾಲರಿಗೆ 8.19 ಇದ್ದದ್ದು 6.20ಕ್ಕೆ ಬಂದದ್ದರಿಂದ ಇನ್ನೊಂದು 1.32 ಪಟ್ಟು. 2005ರ ಜುಲೈವರೆಗೆ ಬೀಜಿಂಗ್ ಯುವಾನನ್ನು 8.28ಕ್ಕೆ ಕಟ್ಟಿಹಾಕಿತ್ತು, ಗಂಟು ಸಡಿಲವಾದ ಮೇಲಿನ ಏರಿಕೆ ಇದು.

ಭಾರತದ ಡಾಲರ್ ಜಿಡಿಪಿ 2.26 ಪಟ್ಟಾಯಿತು. ಉತ್ಪಾದನೆ 1.66 ಪಟ್ಟು, ಬೆಲೆಮಟ್ಟ ಸುಮಾರು 1.86 ಪಟ್ಟು, ರೂಪಾಯಿ 44.3ರಿಂದ 60.5ಕ್ಕೆ ಇಳಿದದ್ದರಿಂದ 0.73.

ಈಗ ಎರಡನ್ನೂ ಎದುರುಬದುರು ಇಡಿ. ಉತ್ಪಾದನೆಯಲ್ಲಿ ಚೀನಾ ನಮಗಿಂತ ಮುಂದೆ ಹೋದದ್ದು 2.18 ಭಾಗಿಸು 1.66, ಅಂದರೆ 1.31 ಪಟ್ಟು. ಬೆಲೆ ಮತ್ತು ವಿನಿಮಯ ದರ ಸೇರಿ ಕೊಟ್ಟ ಮುನ್ನಡೆ 1.41 ಪಟ್ಟು. 2.8 ಪಟ್ಟಿದ್ದ ಅಂತರ 5.2 ಪಟ್ಟಾದದ್ದರಲ್ಲಿ ಉತ್ಪಾದನೆಯ ಪಾಲು ಅರ್ಧಕ್ಕಿಂತ ಕಡಿಮೆ. ಬರೀ ಉತ್ಪಾದನೆಯೇ ಕಾರಣವಾಗಿದ್ದರೆ ಅಂತರ 3.7 ಪಟ್ಟಿನ ಆಸುಪಾಸಿನಲ್ಲಿ ನಿಲ್ಲುತ್ತಿತ್ತು. ಈಚಿನ ವರ್ಷಗಳಲ್ಲಿ ಗಾಳಿ ತಿರುಗಿದೆ. 2021ರಿಂದ 2023ರವರೆಗೆ ಚೀನಾದ ಡಾಲರ್ ಜಿಡಿಪಿ ಹೆಚ್ಚುಕಡಿಮೆ 18 ಲಕ್ಷ ಕೋಟಿಯಲ್ಲೇ ನಿಂತಿತ್ತು. ‘ಚೀನಾ ನಿಂತುಹೋಯಿತು’ ಎಂದು ಬರೆದವರುಂಟು. ಸ್ಥಿರ ಬೆಲೆಯಲ್ಲಿ ಅದು 2022ರಲ್ಲಿ ಶೇ 3, 2023ರಲ್ಲಿ ಶೇ 5ರ ಆಸುಪಾಸಿನಲ್ಲಿ ಬೆಳೆದೇ ಇತ್ತು, ಯುವಾನ್ 6.45ರಿಂದ 7.08ಕ್ಕೆ ಇಳಿದಿತ್ತು, ಬೆಲೆಗಳೂ ಹೆಚ್ಚೇನೂ ಏರಿರಲಿಲ್ಲ.

ಮೇಲಿನ ಲೆಕ್ಕದಲ್ಲಿ ರೂಪಾಯಿ ದರ 60.5 ಎಂದು ತೆಗೆದುಕೊಂಡದ್ದನ್ನು ಗಮನಿಸಿ. 2013ರ ಜನವರಿ–ಡಿಸೆಂಬರ್ ಸರಾಸರಿ ಸುಮಾರು 58.6. ಅದನ್ನು ಹಾಕಿದರೆ ಗುಣಲಬ್ಧ ಶೇ 3ರಷ್ಟು ತಪ್ಪುತ್ತದೆ. ಕಾರಣ, ಅಂತರರಾಷ್ಟ್ರೀಯ ಪಟ್ಟಿಗಳಲ್ಲಿ ಭಾರತದ ‘2013’ ಅಂದರೆ 2013ರ ಏಪ್ರಿಲ್‌ನಿಂದ 2014ರ ಮಾರ್ಚ್‌ವರೆಗಿನ ಹಣಕಾಸು ವರ್ಷ. ಚೀನಾದ್ದು ಕ್ಯಾಲೆಂಡರ್ ವರ್ಷ. ತ್ರೈಮಾಸಿಕದಲ್ಲಿ ಈ ತೊಡಕು ಇನ್ನೂ ಜಾಸ್ತಿ. ನಮ್ಮ ‘ಮೊದಲ ತ್ರೈಮಾಸಿಕ’ ಏಪ್ರಿಲ್–ಜೂನ್, ಅವರದು ಜನವರಿ–ಮಾರ್ಚ್. 2020ರಲ್ಲಿ ಅವರ ಮೊದಲ ತ್ರೈಮಾಸಿಕ ಶೇ 6.8 ಕುಸಿದರೆ ನಮ್ಮದು ಮೊದಲ ಅಂದಾಜಿನಲ್ಲಿ ಶೇ 23.9 ಕುಸಿಯಿತು. ಎರಡನ್ನೂ ಒಂದೇ ಚಿತ್ರದಲ್ಲಿ ಅಕ್ಕಪಕ್ಕ ಇಟ್ಟವರು, ಲಾಕ್‌ಡೌನ್ ಎರಡು ದೇಶಗಳಲ್ಲೂ ಬೇರೆ ಬೇರೆ ತಿಂಗಳಲ್ಲಿ ಬಿದ್ದದ್ದನ್ನು ಮರೆತಿದ್ದರು. ಮರುವರ್ಷ ಭಾರತ ಶೇ 9.7 ಬೆಳೆಯಿತು ಎಂದದ್ದೂ ಹಾಗೆಯೇ. 100 ಇದ್ದದ್ದು ಮೊದಲು 94.2ಕ್ಕೆ ಬಿದ್ದು ಆಮೇಲೆ 103.3ಕ್ಕೆ ಏರಿತು, ಎರಡು ವರ್ಷ ಸೇರಿ ಶೇ 3.3. ಕುಸಿದ ವರ್ಷದ ಮರುವರ್ಷವನ್ನು ಒಂಟಿಯಾಗಿ ಉಲ್ಲೇಖಿಸಲೇಬಾರದು.

ಕ್ಷೌರಕ್ಕೆ ಗಡಿ ದಾಟಲು ಬರುವುದಿಲ್ಲ

ವಿನಿಮಯ ದರದ ಕಾಟ ತಪ್ಪಿಸಲು ಹುಟ್ಟಿದ್ದು ಪಿಪಿಪಿ, ಕೊಳ್ಳುವ ಶಕ್ತಿಯ ಸಮಾನತೆಯ ಲೆಕ್ಕ. ಅದರ ಒಳಗನ್ನು ನೋಡಲು ಕಲ್ಪಿತ ಅಂಕಿಗಳ ಒಂದು ಪುಟ್ಟ ಉದಾಹರಣೆ. ಎರಡು ದೇಶ, ಎರಡೇ ವಸ್ತು: ಅಕ್ಕಿ ಮತ್ತು ಕ್ಷೌರ. ನಮ್ಮಲ್ಲಿ ಕಿಲೋ ಅಕ್ಕಿಗೆ 50 ರೂಪಾಯಿ, ಕ್ಷೌರಕ್ಕೆ 100. ಅಮೆರಿಕದಲ್ಲಿ ಅಕ್ಕಿಗೆ 2 ಡಾಲರ್, ಕ್ಷೌರಕ್ಕೆ 25. ಅಕ್ಕಿಯ ಪ್ರಕಾರ ಒಂದು ಡಾಲರಿಗೆ 25 ರೂಪಾಯಿ. ಕ್ಷೌರದ ಪ್ರಕಾರ ಕೇವಲ 4 ರೂಪಾಯಿ. ಅಕ್ಕಿ ಹಡಗು ಹತ್ತುತ್ತದೆ, ಕ್ಷೌರ ಹತ್ತುವುದಿಲ್ಲ. ಹಾಗಾಗಿ ಮಾರುಕಟ್ಟೆಯ ವಿನಿಮಯ ದರ ಅಕ್ಕಿಯಂಥ ಸರಕಿನ ಕಡೆ, ಅಂದರೆ 25ರ ಕಡೆ ವಾಲುತ್ತದೆ. ಆ ದರದಲ್ಲಿ ನಮ್ಮ ಕ್ಷೌರಿಕನ ದುಡಿಮೆಯ ಬೆಲೆ 4 ಡಾಲರ್ ಎಂದು ದಾಖಲಾಗುತ್ತದೆ, ಅಲ್ಲಿನವನದು 25. ತಲೆ ಎರಡು ಕಡೆಯೂ ಒಂದೇ, ಕೂದಲೂ ಒಂದೇ.

ಹಾಗಾದರೆ ಸರಿಯಾದ ದರ ಯಾವುದು? ಎರಡೂ ದೇಶದವರು ಖರ್ಚಿನ ಅರ್ಧ ಭಾಗ ಅಕ್ಕಿಗೆ, ಅರ್ಧ ಕ್ಷೌರಕ್ಕೆ ಸುರಿಯುತ್ತಾರೆ ಎಂದುಕೊಳ್ಳಿ. ಅಮೆರಿಕದವರ ಖರ್ಚಿನ ಪಾಲನ್ನು ತೂಕವಾಗಿಟ್ಟು ಸರಾಸರಿ ತೆಗೆದರೆ ಡಾಲರಿಗೆ 14.5 ರೂಪಾಯಿ. ನಮ್ಮ ಖರ್ಚಿನ ಪಾಲನ್ನು ತೂಕವಾಗಿಟ್ಟರೆ (ಇಲ್ಲಿ ವ್ಯುತ್ಕ್ರಮಗಳ ಸರಾಸರಿ ತೆಗೆದು, ಅದನ್ನು ಮತ್ತೆ ತಿರುಗಿಸಬೇಕು) 6.9 ರೂಪಾಯಿ. ಎರಡನ್ನೂ ಗುಣಿಸಿ ವರ್ಗಮೂಲ ತೆಗೆದರೆ 10. ಎರಡೆರಡು ದೇಶಗಳ ಜೋಡಿಗೆ ಲೆಕ್ಕಿಗರು ಮಾಡುವುದು ಇದನ್ನೇ. ಎರಡಲ್ಲ, ಸಾವಿರಾರು ವಸ್ತುಗಳ ಮೇಲೆ. ಮುಖ್ಯವಾಗಿ ನೋಡಬೇಕಾದದ್ದು 14.5ಕ್ಕೂ 6.9ಕ್ಕೂ ನಡುವಿನ ಕಂದಕ. ಎರಡು ದೇಶಗಳ ಬೆಲೆಯ ರಚನೆ ಎಷ್ಟು ಬೇರೆಯೋ ಈ ಕಂದಕ ಅಷ್ಟು ಅಗಲ. ಪಿಪಿಪಿ ಅಂಕಿಗೆ ದಶಾಂಶ ಸ್ಥಾನ ಹಚ್ಚಿ ವಾದಿಸುವವರು ಇದನ್ನು ಮರೆಯುತ್ತಾರೆ.

ನಿಜದ ಅಂಕಿಗೆ ಬರೋಣ. 2017ರ ಅಂತರರಾಷ್ಟ್ರೀಯ ಬೆಲೆ ಹೋಲಿಕೆ ಸುತ್ತಿನಲ್ಲಿ ಭಾರತದ ಪಿಪಿಪಿ ದರ ಡಾಲರಿಗೆ 20.65 ರೂಪಾಯಿ, ಮಾರುಕಟ್ಟೆ ದರ 65.12. ಚೀನಾದ ಪಿಪಿಪಿ ದರ 4.18 ಯುವಾನ್, ಮಾರುಕಟ್ಟೆ ದರ ಸುಮಾರು 6.76. ಅಂದರೆ ಅಮೆರಿಕದ ಬೆಲೆಮಟ್ಟ 100 ಎಂದರೆ ಚೀನಾದ್ದು 62, ನಮ್ಮದು 32. ಮಾರುಕಟ್ಟೆ ದರದಲ್ಲಿ ಆ ವರ್ಷ ಚೀನಾ ನಮ್ಮ ಸುಮಾರು 4.8 ಪಟ್ಟು, ಪಿಪಿಪಿಯಲ್ಲಿ 19.6 ಲಕ್ಷ ಕೋಟಿಗೆ ನಮ್ಮದು 8.05 ಲಕ್ಷ ಕೋಟಿ, ಅಂದರೆ 2.4 ಪಟ್ಟು. ಯಾವುದು ನಿಜ ಎಂದು ಕೇಳಿದರೆ, ಏನನ್ನು ಕೊಳ್ಳಲು ಹೊರಟಿದ್ದೀರಿ ಎಂದು ಮರುಪ್ರಶ್ನೆ ಹಾಕಬೇಕಾಗುತ್ತದೆ. ಕಚ್ಚಾ ತೈಲ, ಯುದ್ಧವಿಮಾನ, ಚಿಪ್ ತಯಾರಿಸುವ ಯಂತ್ರ, ವಿದೇಶಿ ಸಾಲದ ಕಂತು ಇವಕ್ಕೆಲ್ಲ ಮಾರುಕಟ್ಟೆ ದರದ ಡಾಲರೇ ಬೇಕು. ಪಿಪಿಪಿ ಡಾಲರ್ ಹಿಡಿದು ಹೋದರೆ ಯಾರೂ ಒಂದು ಪೀಪಾಯಿ ಎಣ್ಣೆ ಕೊಡುವುದಿಲ್ಲ. ಜನ ಎಷ್ಟು ಉಣ್ಣುತ್ತಾರೆ, ಉಡುತ್ತಾರೆ, ಎಷ್ಟು ಜನಕ್ಕೆ ಚಿಕಿತ್ಸೆ ಸಿಗುತ್ತದೆ ಎಂಬುದಕ್ಕೆ ಪಿಪಿಪಿ ಹತ್ತಿರದ ಉತ್ತರ. ಒಂದೇ ದೇಶದ ಉತ್ಪಾದನೆ ವರ್ಷದಿಂದ ವರ್ಷಕ್ಕೆ ಹೇಗೆ ಬೆಳೆಯಿತು ಎಂಬುದಕ್ಕೆ ಎರಡೂ ಬೇಡ, ಅದರದೇ ನಾಣ್ಯದ ಸ್ಥಿರ ಬೆಲೆಯೇ ಸರಿ.

ಪಿಪಿಪಿಯೂ ಕೆಡುತ್ತದೆ, ಕೆಟ್ಟದ್ದಕ್ಕೆ ದಾಖಲೆಯಿದೆ. 2005ರ ಸುತ್ತಿನ ಫಲಿತಾಂಶ 2007ರ ಡಿಸೆಂಬರ್‌ನಲ್ಲಿ ಹೊರಬಿದ್ದಾಗ ಚೀನಾದ ಪಿಪಿಪಿ ಜಿಡಿಪಿ ರಾತ್ರೋರಾತ್ರಿ ಸುಮಾರು ಶೇ 40ರಷ್ಟು ಕುಗ್ಗಿತು. ಭಾರತದ್ದೂ ಹೆಚ್ಚುಕಡಿಮೆ ಅಷ್ಟೇ. ಅಲ್ಲಿಯವರೆಗೆ ಚೀನಾ ಈ ಬೆಲೆ ಸಮೀಕ್ಷೆಯಲ್ಲಿ ಭಾಗವಹಿಸಿರಲೇ ಇಲ್ಲ, ಹಳೆಯ ಅಂದಾಜನ್ನೇ ಎಳೆದು ತರಲಾಗಿತ್ತು. ಭಾರತ ಕೊನೆಯದಾಗಿ ಭಾಗವಹಿಸಿದ್ದು 1985ರಲ್ಲಿ. ಚೀನಾ ಆ ಸಲ 11 ನಗರಗಳು ಮತ್ತು ಅವುಗಳ ಸುತ್ತಲಿನಲ್ಲಿ ಬೆಲೆ ಸಂಗ್ರಹಿಸಿತ್ತು. ಹಳ್ಳಿಯ ಅಗ್ಗದ ಬೆಲೆಗಳು ಸಾಲದಷ್ಟು ಬಂದಿಲ್ಲ ಎಂಬ ಟೀಕೆ ಬಂತು. 2011ರ ಸುತ್ತಿನ ಫಲಿತಾಂಶ 2014ರಲ್ಲಿ ಬಂದಾಗ ಎರಡೂ ದೇಶಗಳ ಅಂಕಿ ಮತ್ತೆ ಮೇಲಕ್ಕೆ ಹೋಯಿತು. ಹಾಗಾಗಿ ಒಂದು ದೇಶದ ಅಂಕಿಯನ್ನು ಹಳೆಯ ಕಡತದಿಂದ, ಇನ್ನೊಂದರದ್ದನ್ನು ಹೊಸದರಿಂದ ತೆಗೆಯಬೇಡಿ. ಎರಡನ್ನೂ ಒಂದೇ ಕಡತದಿಂದ, ಒಂದೇ ದಿನ ಇಳಿಸಿಕೊಂಡು, ಆ ದಿನಾಂಕವನ್ನು ಹಾಳೆಯ ಮೂಲೆಯಲ್ಲಿ ಬರೆದಿಡಿ.

ಸ್ಥಿರ ಬೆಲೆ ಎಷ್ಟು ಸ್ಥಿರ?

2015ರ ಜನವರಿಯಲ್ಲಿ ಭಾರತ ಮೂಲ ವರ್ಷವನ್ನು (ಸ್ಥಿರ ಬೆಲೆಗೆ ಹಿಡಿಯುವ ವರ್ಷವನ್ನು) 2004-05ರಿಂದ 2011-12ಕ್ಕೆ ಬದಲಿಸಿತು. ಹಳೆಯ ಸರಣಿಯಲ್ಲಿ ಶೇ 4.7 ಇದ್ದ 2013-14ರ ಬೆಳವಣಿಗೆ ಹೊಸದರಲ್ಲಿ ಶೇ 6.9 ಆಯಿತು. ಸೋಜಿಗವೆಂದರೆ ಆ ವರ್ಷದ ಚಾಲ್ತಿ ಬೆಲೆಯ ಜಿಡಿಪಿ ಎರಡರಲ್ಲೂ 113 ಲಕ್ಷ ಕೋಟಿ ರೂಪಾಯಿಯ ಆಸುಪಾಸಿನಲ್ಲೇ ಇತ್ತು. ದತ್ತಾಂಶದ ಮೂಲ, ಬೆಲೆ ಸೂಚ್ಯಂಕ, ಲೆಕ್ಕದ ಕ್ರಮ ಬದಲಾಗಿದ್ದವು. ಎರಡು ಸರಣಿಗಳನ್ನು ಹಾಗೇ ಹೊಲಿದರೆ ಹೊಲಿಗೆ ಬಿದ್ದ ವರ್ಷದಲ್ಲಿ ಇಲ್ಲದ ಜಿಗಿತ ಕಾಣುತ್ತದೆ. ಎರಡೂ ಸರಣಿಯಲ್ಲಿ ಇರುವ ಒಂದು ವರ್ಷವನ್ನು ಹಿಡಿದು, ಅನುಪಾತ ತೆಗೆದು, ಹಳೆಯದನ್ನೆಲ್ಲ ಆ ಅನುಪಾತದಿಂದ ಗುಣಿಸಿಯೇ ಜೋಡಿಸಬೇಕು.

ಬೆಲೆ ಸೂಚ್ಯಂಕ ಮಾಡುವ ಅವಾಂತರ ಇನ್ನೂ ಸೂಕ್ಷ್ಮ. ಒಂದು ಕಾರ್ಖಾನೆ 70 ರೂಪಾಯಿ ಕಚ್ಚಾ ಮಾಲು ತಂದು 100 ರೂಪಾಯಿಗೆ ಮಾರುತ್ತದೆ. ಜಿಡಿಪಿಗೆ ಸೇರುವ ಮೌಲ್ಯವರ್ಧನೆ 30. ಮರುವರ್ಷ ಅಷ್ಟೇ ಮಾಲು, ಅಷ್ಟೇ ಉತ್ಪನ್ನ. ಎಣ್ಣೆ ಅಗ್ಗವಾಗಿ ಕಚ್ಚಾ ಮಾಲು 63ಕ್ಕೆ ಸಿಕ್ಕಿತು, ಉತ್ಪನ್ನ 96ಕ್ಕೆ ಹೋಯಿತು, ಮೌಲ್ಯವರ್ಧನೆ 33. ಒಳಹೋದದ್ದಕ್ಕೂ ಹೊರಬಂದದ್ದಕ್ಕೂ ಬೇರೆ ಬೇರೆ ಸೂಚ್ಯಂಕ ಬಳಸಿದರೆ ನೈಜ ಬೆಳವಣಿಗೆ ಸೊನ್ನೆ ಎಂದು ಸರಿಯಾಗಿ ಬರುತ್ತದೆ. ಒಂದೇ ಸಗಟು ಬೆಲೆ ಸೂಚ್ಯಂಕ ಶೇ 6 ಇಳಿದಿದೆ ಎಂದು 33ನ್ನು 0.94ರಿಂದ ಭಾಗಿಸಿದರೆ 35.1, ಅಂದರೆ ಶೇ 17 ಬೆಳವಣಿಗೆ! ಸಗಟು ಬೆಲೆ ಇಳಿಯುತ್ತಿದ್ದ 2015ರ ಆಸುಪಾಸಿನ ಭಾರತದ ಅಂಕಿಗಳ ಮೇಲೆ ಬಂದ ಮುಖ್ಯ ಆಕ್ಷೇಪ ಇದೇ. 2019ರಲ್ಲಿ ಮಾಜಿ ಮುಖ್ಯ ಆರ್ಥಿಕ ಸಲಹೆಗಾರ ಅರವಿಂದ ಸುಬ್ರಮಣಿಯನ್ ಬೇರೆ ದಾರಿಯಲ್ಲಿ ಹೋಗಿ, 2011-12ರಿಂದ 2016-17ರವರೆಗಿನ ಬೆಳವಣಿಗೆ ಶೇ 7 ಅಲ್ಲ, ಶೇ 4.5ರ ಆಸುಪಾಸು ಎಂದು ವಾದಿಸಿದರು, ಸರ್ಕಾರ ಒಪ್ಪಲಿಲ್ಲ. ಚೀನಾದ ಕಡೆ ಕತೆ ಬೇರೆ. ಲಿಯಾವೊನಿಂಗ್ ಪ್ರಾಂತ್ಯ 2011ರಿಂದ 2014ರವರೆಗಿನ ತನ್ನ ಅಂಕಿಗಳನ್ನು ಉಬ್ಬಿಸಿದ್ದಾಗಿ 2017ರಲ್ಲಿ ತಾನೇ ಒಪ್ಪಿಕೊಂಡಿತು. ಮುಂದೆ ಪ್ರಧಾನಿಯಾದ ಲಿ ಕೆಚಿಯಾಂಗ್ ಇದೇ ಪ್ರಾಂತ್ಯದ ಪಕ್ಷದ ಮುಖ್ಯಸ್ಥರಾಗಿದ್ದಾಗ, ತಾವು ಜಿಡಿಪಿಯ ಬದಲು ವಿದ್ಯುತ್ ಬಳಕೆ, ರೈಲು ಸರಕು, ಬ್ಯಾಂಕ್ ಸಾಲ ನೋಡುವುದಾಗಿ ಅಮೆರಿಕದ ರಾಯಭಾರಿಗೆ ಹೇಳಿದ್ದು 2007ರಲ್ಲಿ. ಎರಡು ದೇಶಗಳ ಬೆಳವಣಿಗೆಯಲ್ಲಿ ಅರ್ಧ ಶೇಕಡಾ ವ್ಯತ್ಯಾಸದ ಮೇಲೆ ಕೋಟೆ ಕಟ್ಟುವುದು ನನಗಂತೂ ಸರಿಕಾಣುವುದಿಲ್ಲ.

ತಲಾ ಲೆಕ್ಕವನ್ನು ಬೇಗ ಮುಗಿಸಬಹುದು. 1990ರಲ್ಲಿ ಒಟ್ಟು ಜಿಡಿಪಿಯಲ್ಲಿ ಚೀನಾ ಮುಂದಿತ್ತು. ತಲಾ ಲೆಕ್ಕದಲ್ಲಿ ಭಾರತ ಸುಮಾರು 369 ಡಾಲರ್, ಚೀನಾ 318. ಅವರ ಜನಸಂಖ್ಯೆ 113 ಕೋಟಿ ದಾಟಿತ್ತು, ನಮ್ಮದು 87 ಕೋಟಿಯ ಆಸುಪಾಸು. ಒಂದೇ ವರ್ಷ, ಒಂದೇ ಪಟ್ಟಿ, ‘ಚೀನಾ ದೊಡ್ಡದು’ ಎನ್ನುವುದೂ ನಿಜ, ‘ಚೀನಾ ಬಡದು’ ಎನ್ನುವುದೂ ನಿಜ. ಈಗ ಜನಸಂಖ್ಯೆ ಹತ್ತಿರ ಹತ್ತಿರ ಇರುವುದರಿಂದ ಒಟ್ಟು ಅಂತರವೂ ತಲಾ ಅಂತರವೂ ಐದು ಪಟ್ಟಿನ ಸುತ್ತಮುತ್ತ ಇವೆ. 2011ರ ನಂತರದ ವರ್ಷಗಳಿಗೆ ಭಾರತದ ಜನಸಂಖ್ಯೆ ಜನಗಣತಿಯ ಎಣಿಕೆಯಲ್ಲ, ಅಂದಾಜು ಎಂಬುದು ನೆನಪಿರಲಿ.

ಕರ್ನಾಟಕವನ್ನು ಮಹಾರಾಷ್ಟ್ರದ ಜೊತೆ ಹೋಲಿಸುವವರಿಗೆ ವಿನಿಮಯ ದರದ ರಗಳೆಯಿಲ್ಲ, ಮೂಲ ವರ್ಷದ ರಗಳೆಯಿದೆ. ಬೆಲೆಮಟ್ಟದ ವ್ಯತ್ಯಾಸವೂ ಇದೆ: ಬೆಂಗಳೂರಿನ ಬಾಡಿಗೆಗೂ ಕೊಪ್ಪಳದ ಬಾಡಿಗೆಗೂ ಒಂದೇ ರೂಪಾಯಿ ಅಳತೆ.

‘1700ರಲ್ಲಿ ಜಗತ್ತಿನ ಸಂಪತ್ತಿನ ಕಾಲು ಭಾಗ ಭಾರತದ್ದು’ ಎಂಬ ವಾಟ್ಸ್ಆ್ಯಪ್ ಸಂದೇಶದ ಮೂಲ ಆರ್ಥಿಕ ಇತಿಹಾಸಕಾರ ಆಂಗಸ್ ಮ್ಯಾಡಿಸನ್ ಅವರ ಅಂದಾಜು, ಶೇ 24.4. ಅದು ಸಂಪತ್ತಲ್ಲ, ಉತ್ಪಾದನೆ. ಭಾರತದ ತಲಾ ಉತ್ಪಾದನೆ 1500, 1600, 1700ರಲ್ಲಿ ಸಮನಾಗಿ 550 ಡಾಲರ್, ಚೀನಾದ್ದು 1500ರಿಂದ 1820ರವರೆಗೆ 600 ಡಾಲರ್ (1990ರ ಬೆಲೆಯಲ್ಲಿ) ಎಂದು ಇಟ್ಟು ಜನಸಂಖ್ಯೆಯಿಂದ ಗುಣಿಸಿದ ಲೆಕ್ಕ ಅದು. ಮುನ್ನೂರು ವರ್ಷ ಒಂದು ಡಾಲರೂ ಕದಲದ ಅಂಕಿ ಅಳತೆಯಲ್ಲ, ಊಹೆ ಎಂದು ನೋಡಿದರೇ ಗೊತ್ತಾಗುತ್ತದೆ. ಕಾಲು ಭಾಗ ಉತ್ಪಾದನೆ ಇತ್ತು ಎಂದರೆ ಮುಖ್ಯವಾಗಿ ಕಾಲು ಭಾಗ ಜನ ಇದ್ದರು ಎಂದರ್ಥ.

ನಕ್ಷೆ ಬರೆಯುವಾಗ ಲಂಬ ಅಕ್ಷವನ್ನು ಲಾಗ್ ಮಾಪಕಕ್ಕೆ (ಸಮ ದೂರ ಅಂದರೆ ಸಮ ಪಟ್ಟು) ಹಾಕಿ. ಸಾಮಾನ್ಯ ಮಾಪಕದಲ್ಲಿ 1990ರಿಂದ ಎಳೆದ ಭಾರತದ ಗೆರೆ ನೆಲಕ್ಕಂಟಿದ ಹಗ್ಗದಂತೆ ಕಾಣುತ್ತದೆ, 12 ಪಟ್ಟು ಬೆಳೆದದ್ದು ಕಣ್ಣಿಗೇ ಬೀಳುವುದಿಲ್ಲ. ಲಾಗ್ ಮಾಪಕದಲ್ಲಿ ಸಮ ವೇಗದ ಬೆಳವಣಿಗೆ ನೇರ ಗೆರೆಯಾಗುತ್ತದೆ, ವೇಗ ಬದಲಾದಲ್ಲಿ ಗೆರೆ ಬಾಗುತ್ತದೆ.

ಕೊನೆಗೆ, ಯಾವಾಗ ಹಿಡಿಯುತ್ತೇವೆ ಎಂಬ ಪ್ರಶ್ನೆ. ಭಾರತ ಶೇ 6.5, ಚೀನಾ ಶೇ 5 ಬೆಳೆಯುತ್ತಲೇ ಇರುತ್ತವೆ, ಬೆಲೆ ಮತ್ತು ವಿನಿಮಯ ದರ ಅಲ್ಲಾಡುವುದಿಲ್ಲ ಎಂದುಕೊಳ್ಳಿ. ಲಕ್ಷ ಕೋಟಿ ಡಾಲರಿನಲ್ಲಿ, 18.7ರ ಶೇ 5 ಅಂದರೆ 0.94, 3.9ರ ಶೇ 6.5 ಅಂದರೆ 0.25. ವೇಗವಾಗಿ ಓಡುತ್ತಿರುವುದು ನಾವೇ ಆದರೂ ಅಂತರ ಮೊದಲ ವರ್ಷವೇ ಇನ್ನೂ 68,000 ಕೋಟಿ ಡಾಲರ್ ಹಿಗ್ಗುತ್ತದೆ. ಚೀನಾ ನಮ್ಮ 1.3 ಪಟ್ಟಿಗೆ ಇಳಿಯುವವರೆಗೆ, ಅಂದರೆ ಸುಮಾರು 92 ವರ್ಷ, ಡಾಲರ್ ಅಂತರ ಹಿಗ್ಗುತ್ತಲೇ ಇರುತ್ತದೆ. ಸರಿಸಮ ಆಗುವುದಕ್ಕೆ ಬೇಕಾಗುವ ವರ್ಷ ತಿಳಿಯಲು 4.8ರ ಲಾಗರಿದಮ್ಮನ್ನು 1.065/1.05ರ ಲಾಗರಿದಮ್‌ನಿಂದ ಭಾಗಿಸಿ: ಸುಮಾರು 111 ವರ್ಷ. ಇದೇ ಬೆಳವಣಿಗೆ ದರಗಳನ್ನು ಪಿಪಿಪಿಯ 2.4 ಪಟ್ಟಿಗೆ ಹಚ್ಚಿದರೆ 62 ವರ್ಷ.